ಲೆಕ್ಕ ಕೇಳಿ: ಮನೆಯ ಉದ್ಯಮಕ್ಕೆ ಯಾವ ತಂತ್ರಾಂಶ?

ಪ್ರಶ್ನೆ: ಶಿರಸಿಯ ಹತ್ತಿರದ ಹಳ್ಳಿಯಲ್ಲಿ ಏಳು ವರ್ಷಗಳಿಂದ ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ ಮತ್ತು ಸಾರಿನ ಪುಡಿ ಮಾಡಿ ಮಾರುತ್ತಿದ್ದೇನೆ. ಸೀಸನ್ನಿನಲ್ಲಿ ಇಬ್ಬರು ಹೆಂಗಸರು ಕೆಲಸಕ್ಕೆ ಬರುತ್ತಾರೆ. ವರ್ಷದ ವ್ಯಾಪಾರ ಸುಮಾರು 11 ಲಕ್ಷ ರೂಪಾಯಿ. ಶಿರಸಿ, ಸಿದ್ದಾಪುರದ ಆರು ಅಂಗಡಿಗಳಿಗೆ ಉದ್ರಿ ಕೊಡುತ್ತೇನೆ. ಉಳಿದದ್ದು ವಾಟ್ಸ್‌ಆ್ಯಪ್‌ನಲ್ಲಿ ಆರ್ಡರ್ ಬಂದು ಕೊರಿಯರ್ ಮೂಲಕ ಬೆಂಗಳೂರು ಮತ್ತು ಪುಣೆಗೆ ಹೋಗುತ್ತದೆ. ಇಲ್ಲಿಯವರೆಗೆ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಕಳೆದ ವರ್ಷ ಒಂದು ಅಂಗಡಿಯವರು ತಮ್ಮ ಬಾಕಿ ನಾನು ಹೇಳಿದಷ್ಟಿಲ್ಲ ಎಂದಾಗ ತೋರಿಸಲು ನನ್ನಲ್ಲಿ ಸರಿಯಾದ ಚೀಟಿ ಇರಲಿಲ್ಲ. ಮಗ ಮೊಬೈಲ್ ಆ್ಯಪ್ ಸಾಕು ಎನ್ನುತ್ತಾನೆ, ಪರಿಚಯದ ಅಕೌಂಟೆಂಟರು ಟ್ಯಾಲಿ ಹಾಕಿಸಿ ಎನ್ನುತ್ತಾರೆ. ನನಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. ಯಾವುದನ್ನು ತೆಗೆದುಕೊಳ್ಳಲಿ?
ಹೆಸರು ಬೇಡ, ಶಿರಸಿ ತಾಲ್ಲೂಕು

ಉತ್ತರ: ನಿಮ್ಮ ಪತ್ರದಲ್ಲಿ ತಂತ್ರಾಂಶಕ್ಕಿಂತ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ‘ಪುಣೆ’ ಎಂಬ ಎರಡಕ್ಷರ. ಸರಕು ಮಾರುವವರಿಗೆ ನಮ್ಮ ರಾಜ್ಯದಲ್ಲಿ ವರ್ಷದ ವಹಿವಾಟು 40 ಲಕ್ಷ ರೂಪಾಯಿ ದಾಟುವವರೆಗೆ ಜಿಎಸ್‌ಟಿ ನೋಂದಣಿ ಬೇಡ ಎಂಬ ಮಾತನ್ನು ನೀವು ಕೇಳಿರುತ್ತೀರಿ, ಅದು ನಿಜ. ಆದರೆ ಆ ವಿನಾಯಿತಿ ರಾಜ್ಯದೊಳಗಿನ ವ್ಯಾಪಾರಕ್ಕೆ ಮಾತ್ರ. ತೆರಿಗೆ ಇರುವ ಸರಕನ್ನು ಬೇರೆ ರಾಜ್ಯದ ಗಿರಾಕಿಗೆ ಕಳುಹಿಸಿ ಹಣ ಪಡೆದರೆ, ವಹಿವಾಟು ಎಷ್ಟೇ ಸಣ್ಣದಿರಲಿ, ನೋಂದಣಿ ಕಡ್ಡಾಯವಾಗುತ್ತದೆ. ಕೆಲವು ಕರಕುಶಲ ವಸ್ತುಗಳಿಗೆ ಇದರಿಂದ ಬಿಡುಗಡೆಯಿದೆ, ಉಪ್ಪಿನಕಾಯಿಗೆ ಇಲ್ಲ. ಹಪ್ಪಳದ ಮೇಲೆ ತೆರಿಗೆಯೇ ಇಲ್ಲದ ಕಾರಣ ಬರೀ ಹಪ್ಪಳವನ್ನು ಪುಣೆಗೆ ಕಳುಹಿಸಿದರೆ ಈ ತೊಡಕು ಬರುವುದಿಲ್ಲ. ಅದೇ ಡಬ್ಬದಲ್ಲಿ ಒಂದು ಬಾಟಲಿ ಉಪ್ಪಿನಕಾಯಿ ಸೇರಿತೆಂದರೆ ಬರುತ್ತದೆ. ಆದ್ದರಿಂದ ಪುಣೆಯ ವ್ಯಾಪಾರವನ್ನು ಮುಂದುವರಿಸಬೇಕೇ, ಹಪ್ಪಳಕ್ಕೆ ಸೀಮಿತಗೊಳಿಸಬೇಕೇ ಅಥವಾ ನೋಂದಣಿ ಮಾಡಿಸಿಕೊಂಡು ಬೆಳೆಸಬೇಕೇ ಎಂಬುದನ್ನು ನಿಮ್ಮ ಅಕೌಂಟೆಂಟರ ಜೊತೆ ಕುಳಿತು ತೀರ್ಮಾನಿಸಿ, ಹಿಂದಿನ ಪಾರ್ಸೆಲ್‌ಗಳ ವಿಷಯವನ್ನೂ ಮುಚ್ಚಿಡದೆ ಅವರಿಗೆ ಹೇಳಿ. ಯಾವ ತಂತ್ರಾಂಶ ಎಂಬುದು ಈ ತೀರ್ಮಾನದ ಮೇಲೆ ನಿಂತಿದೆ.

ನೋಂದಣಿ ಇಲ್ಲದವರು ಬಿಲ್ಲಿನಲ್ಲಿ ತೆರಿಗೆ ವಸೂಲಿ ಮಾಡುವಂತಿಲ್ಲ. ಆದರೆ ಹಲವು ಬಿಲ್ಲಿಂಗ್ ಆ್ಯಪ್‌ಗಳು, ನಾವು ಸೆಟ್ಟಿಂಗ್ ಬದಲಿಸದಿದ್ದರೆ, ‘ಟ್ಯಾಕ್ಸ್ ಇನ್‌ವಾಯ್ಸ್’ ಎಂಬ ತಲೆಬರಹವನ್ನೇ ಹಾಕಿ ಬಿಲ್ಲು ತಯಾರಿಸುತ್ತವೆ. ಸಣ್ಣ ವ್ಯಾಪಾರಿಗಳು ವಹಿವಾಟಿನ ಶೇ 1ರಷ್ಟನ್ನು ತಾವೇ ತೆರಿಗೆಯಾಗಿ ಕಟ್ಟುವ ಕಾಂಪೊಸಿಷನ್ ಯೋಜನೆಗೆ ಸೇರಿದವರು ‘ಬಿಲ್ ಆಫ್ ಸಪ್ಲೈ’ ಕೊಡಬೇಕು, ಅವರೂ ತೆರಿಗೆ ವಸೂಲಿ ಮಾಡುವಂತಿಲ್ಲ, ಹೊರರಾಜ್ಯಕ್ಕೆ ಮಾರುವಂತೆಯೂ ಇಲ್ಲ. ಹಾಗಾಗಿ ಪುಣೆಗೆ ಉಪ್ಪಿನಕಾಯಿ ಹೋಗಲೇಬೇಕೆಂದರೆ ನಿಮಗೆ ಉಳಿಯುವುದು ಸಾಮಾನ್ಯ ನೋಂದಣಿಯೊಂದೇ. ಆಗ ಸರಕಿನ ವರ್ಗವನ್ನು ಸೂಚಿಸುವ ಎಚ್‌ಎಸ್‌ಎನ್ ಸಂಖ್ಯೆ ಹಾಕಿ, ತೆರಿಗೆಯನ್ನು ರಾಜ್ಯದ ಒಳಗೆ ಸಿಜಿಎಸ್‌ಟಿ (ಕೇಂದ್ರದ ಪಾಲು) ಮತ್ತು ಎಸ್‌ಜಿಎಸ್‌ಟಿ (ರಾಜ್ಯದ ಪಾಲು), ಹೊರಗೆ ಐಜಿಎಸ್‌ಟಿ (ಅಂತರರಾಜ್ಯ ತೆರಿಗೆ) ಎಂದು ಗಿರಾಕಿಯ ವಿಳಾಸ ನೋಡಿ ತಾನಾಗಿ ವಿಂಗಡಿಸುವ ತಂತ್ರಾಂಶ ಬೇಕು. ದರ ಬದಲಾದಾಗ ಹಳೆಯ ಬಿಲ್ಲುಗಳು ಅಲುಗಾಡಬಾರದು. 2025ರ ಸೆಪ್ಟೆಂಬರ್ 22ರಂದು ಉಪ್ಪಿನಕಾಯಿಯ ತೆರಿಗೆ ಶೇ 12ರಿಂದ ಶೇ 5ಕ್ಕೆ ಇಳಿದಾಗ, ಸರಕಿನ ಹೆಸರಿನ ಎದುರು ಇದ್ದ ದರವನ್ನು ತಿದ್ದಿದ ಕೂಡಲೇ ಆಗಸ್ಟಿನ ಬಿಲ್ಲುಗಳೂ ಬದಲಾದವೇ ಇಲ್ಲವೇ ಎಂಬುದು ಪ್ರತಿ ತಂತ್ರಾಂಶಕ್ಕೂ ಒಂದು ಒಳ್ಳೆಯ ಪರೀಕ್ಷೆಯಾಗಿತ್ತು. ನೀವೂ ಕೊಳ್ಳುವ ಮುನ್ನ ಆ ಪರೀಕ್ಷೆ ಮಾಡಿ ನೋಡಿ: ಹಳೆಯ ದಿನಾಂಕದಲ್ಲಿ ಒಂದು ಬಿಲ್ಲು ಹಾಕಿ, ದರ ಬದಲಿಸಿ, ಆ ಬಿಲ್ಲನ್ನು ಮತ್ತೆ ತೆರೆಯಿರಿ.

ಇನ್ನು ನಿಮ್ಮ ಮಗ ಹೇಳುವ ಆ್ಯಪ್‌ಗೂ ಅಕೌಂಟೆಂಟರು ಹೇಳುವ ಟ್ಯಾಲಿಗೂ ಇರುವ ವ್ಯತ್ಯಾಸ ದೊಡ್ಡದು ಚಿಕ್ಕದು ಎಂಬುದಲ್ಲ. ಅವು ಬೇರೆ ಬೇರೆ ಕೆಲಸದ ಸಾಮಾನುಗಳು. ಖಾತಾಬುಕ್, ಓಕೆಕ್ರೆಡಿಟ್ ಇಂಥವು ಮೂಲತಃ ಉದ್ರಿ ಪುಸ್ತಕಗಳು: ಯಾರಿಗೆ ಎಷ್ಟು ಕೊಟ್ಟಿರಿ, ಎಷ್ಟು ಬಂತು ಎಂದು ಬರೆದರೆ ಬಾಕಿ ತೋರಿಸಿ, ಗಿರಾಕಿಗೆ ನೆನಪಿನ ಸಂದೇಶ ಕಳುಹಿಸುತ್ತವೆ, ಕನ್ನಡದಲ್ಲೂ ಇವೆ. ಅಂಗಡಿಯವರ ಜೊತೆಗಿನ ನಿಮ್ಮ ತಕರಾರು ಇದೊಂದರಿಂದಲೇ ತೀರುತ್ತಿತ್ತು, ಏಕೆಂದರೆ ಸರಕು ಇಳಿಸಿದ ದಿನವೇ ಮೊತ್ತ ಅವರ ಮೊಬೈಲಿಗೆ ಹೋಗಿರುತ್ತಿತ್ತು. ಆದರೆ ಮನೆಯಲ್ಲಿ ಎಷ್ಟು ಭರಣಿ ಉಪ್ಪಿನಕಾಯಿ ಉಳಿದಿದೆ, ಅದರ ಅಸಲು ಎಷ್ಟು ಎಂದು ಉದ್ರಿ ಪುಸ್ತಕವನ್ನು ಕೇಳಿದರೆ ಉತ್ತರ ಸಿಗದು. ವ್ಯಾಪಾರ್, ಮೈಬಿಲ್‌ಬುಕ್ ಮುಂತಾದ ಬಿಲ್ಲಿಂಗ್ ತಂತ್ರಾಂಶಗಳು ಬಿಲ್ಲು, ಸ್ಟಾಕು, ಬಾಕಿ, ಖರ್ಚು ಈ ನಾಲ್ಕನ್ನೂ ಒಂದೆಡೆ ಇಡುತ್ತವೆ. ಟ್ಯಾಲಿ, ಬ್ಯುಸಿ, ಜೋಹೊ ಬುಕ್ಸ್ ಇವು ಪ್ರತಿ ವ್ಯವಹಾರವನ್ನೂ ಎರಡು ಖಾತೆಗಳಲ್ಲಿ ಬರೆಯುವ ಪೂರ್ಣ ಡಬಲ್ ಎಂಟ್ರಿ ಲೆಕ್ಕದವು. ನಮ್ಮ ಹಿರಿಯರ ಕಿರ್ದಿ ಖಾತೆ ಯಾವ ತರ್ಕದ ಮೇಲೆ ನಡೆಯುತ್ತಿತ್ತೋ ಅದೇ ತರ್ಕ, ಕೈಬರಹದ ಬದಲು ಕಂಪ್ಯೂಟರಿನಲ್ಲಿ. ಈಗಿನ ನಿಮ್ಮ ಗಾತ್ರಕ್ಕೆ ನಡುವಿನ ಗುಂಪಿನದು ಸಾಕು ಎಂಬುದು ನನ್ನ ಅಭಿಪ್ರಾಯ.

ಸ್ಟಾಕಿನ ವಿಚಾರದಲ್ಲಿ ಮಾತ್ರ ಸ್ವಲ್ಪ ಹಟ ಹಿಡಿಯಿರಿ. ಮಿಡಿ ಬರುವುದು ಬೇಸಿಗೆಯ ಕೆಲವೇ ವಾರ. ಆಗ ಹಾಕಿದ ಹಣ ಮುಂದಿನ ಬೇಸಿಗೆಯವರೆಗೆ ಬಾಟಲಿ ಬಾಟಲಿಯಾಗಿ ಹಿಂದಿರುಗುತ್ತದೆ. ಬರೀ ಜಮಾ ಖರ್ಚು ನೋಡಿದರೆ ಏಪ್ರಿಲ್‌ನಲ್ಲಿ ಭಾರೀ ನಷ್ಟ, ನವೆಂಬರ್‌ನಲ್ಲಿ ಭಾರೀ ಲಾಭ ಎಂದು ಕಾಣುತ್ತದೆ, ಎರಡೂ ಸುಳ್ಳು. ಆದ್ದರಿಂದ ಕಚ್ಚಾ ಸಾಮಾನನ್ನು ಸಿದ್ಧ ಸರಕಾಗಿ ಬದಲಿಸಿ ತೋರಿಸುವ ಸೌಲಭ್ಯ ತಂತ್ರಾಂಶದಲ್ಲಿ ಇದೆಯೇ ಎಂದು ಕೇಳಿ; ‘ಮ್ಯಾನುಫ್ಯಾಕ್ಚರಿಂಗ್’ ಎಂದೋ ‘ಅಸೆಂಬ್ಲಿ’ ಎಂದೋ ಅದಕ್ಕೆ ಹೆಸರಿರುತ್ತದೆ. ಇಷ್ಟು ಕೆಜಿ ಮಿಡಿ, ಇಷ್ಟು ಸಾಸಿವೆ, ಮೆಣಸು, ಉಪ್ಪು, ಇಷ್ಟು ಬಾಟಲಿ ಹೋಗಿ ಇಷ್ಟು ಬಾಟಲಿ ಉಪ್ಪಿನಕಾಯಿ ಬಂತು ಎಂದು ಒಮ್ಮೆ ಬರೆದರೆ ಅಸಲು ತಾನಾಗಿ ಕೂಡುತ್ತದೆ.

ಅದರ ಉಪಯೋಗವನ್ನು ಒಂದು ಲೆಕ್ಕದಲ್ಲಿ ತೋರಿಸುತ್ತೇನೆ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮವನ್ನು ನೀವೇ ಹಾಕಿಕೊಳ್ಳಿ. ಅರ್ಧ ಕೆಜಿ ಬಾಟಲಿಯನ್ನು 200 ರೂಪಾಯಿಗೆ ಮಾರುತ್ತೀರಿ ಎನ್ನೋಣ. ಮಿಡಿ ಮತ್ತು ಮಸಾಲೆಗೆ 78, ಬಾಟಲಿ ಮತ್ತು ಲೇಬಲ್‌ಗೆ 24, ಕೂಲಿಗೆ 28, ಒಟ್ಟು 130 ಹೋದರೆ 70 ಉಳಿಯಿತು. ಶಿರಸಿಯ ಅಂಗಡಿಗೆ ಸ್ವಲ್ಪ ಕಡಿಮೆ ಬೆಲೆಗೆ ಕೊಟ್ಟರೂ ಇದರಲ್ಲಿ ಏಟು ಬೀಳುವುದಿಲ್ಲ. ‘ಕೊರಿಯರ್ ಉಚಿತ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಹಾಕಿ ಅದೇ ಬಾಟಲಿಯನ್ನು ಪುಣೆಗೆ ಕಳುಹಿಸಲು 62 ತೆತ್ತರೆ ಉಳಿದದ್ದು 8. ಆ 200ರೊಳಗೇ ಶೇ 5ರ ತೆರಿಗೆಯೂ ಅಡಗಿದ್ದರೆ ಸುಮಾರು ಒಂಬತ್ತೂವರೆ ರೂಪಾಯಿ ಸರ್ಕಾರಕ್ಕೆ ಹೋಗಿ, ಬಾಟಲಿ ಮತ್ತು ಕೊರಿಯರ್ ಮೇಲೆ ತೆತ್ತ ತೆರಿಗೆ ಹಿಂದಕ್ಕೆ ಸಿಗುವುದನ್ನು ಸದ್ಯ ಬಿಟ್ಟು ಹೇಳುವುದಾದರೆ, ಪ್ರತಿ ಬಾಟಲಿಗೂ ಒಂದೂವರೆ ರೂಪಾಯಿ ನಿಮ್ಮ ಕೈಯಿಂದಲೇ ಬಿದ್ದಂತಾಯಿತು. ಇದನ್ನು ನೋಟ್‌ಬುಕ್ಕು ಎಂದೂ ಹೇಳುವುದಿಲ್ಲ, ಏಕೆಂದರೆ ಅದರಲ್ಲಿ ಮಿಡಿ ಒಂದು ಪುಟದಲ್ಲಿ, ಕೊರಿಯರ್ ಇನ್ನೊಂದು ಪುಟದಲ್ಲಿ ಇರುತ್ತದೆ. ಅಂದಹಾಗೆ, ನಿಮ್ಮ ಸ್ವಂತ ದುಡಿಮೆಗೆ ಮೇಲಿನ ಲೆಕ್ಕದಲ್ಲಿ ಒಂದು ಪೈಸೆಯನ್ನೂ ಹಿಡಿದಿಲ್ಲ.

ಮನೆಯ ಹಣ ಮತ್ತು ವ್ಯಾಪಾರದ ಹಣ ಒಂದೇ ಖಾತೆಯಲ್ಲಿದ್ದರೆ ಯಾವ ತಂತ್ರಾಂಶವೂ ನಿಮ್ಮನ್ನು ಉಳಿಸಲಾರದು. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಗಳ ವಿವರವನ್ನು ಇಟ್ಟುಕೊಂಡು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳುಹಿಸಿದಾಗ, ಬೆಂಗಳೂರಿನ ಬೀದಿಗಳಲ್ಲಿ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಫಲಕಗಳು ಎದ್ದದ್ದು ನಿಮಗೆ ನೆನಪಿರಬಹುದು. ತಂಗಿ ಹಿಂದಿರುಗಿಸಿದ ಕೈಗಡ, ಚೀಟಿಯ ಹಣ, ಮಾರಾಟದ ಹಣ ಎಲ್ಲ ಒಂದೇ ಕ್ಯೂಆರ್ ಕೋಡಿಗೆ ಬಂದಿದ್ದರೆ ಯಾವುದು ವ್ಯಾಪಾರದ್ದೆಂದು ಬಿಡಿಸಿ ತೋರಿಸುವ ಹೊರೆ ನಮ್ಮ ಮೇಲೆಯೇ ಬೀಳುತ್ತದೆ. ವ್ಯಾಪಾರಕ್ಕೆಂದೇ ಒಂದು ಬ್ಯಾಂಕ್ ಖಾತೆ ತೆರೆದು, ಗಿರಾಕಿಗಳಿಗೆ ಕೊಡುವ ಕ್ಯೂಆರ್ ಅದಕ್ಕೆ ಮಾತ್ರ ಜೋಡಿಸಿ. ಮನೆಯ ದಿನಸಿಗೆ ಆ ಖಾತೆಯಿಂದ ಹಣ ತೆಗೆದರೆ ಅದನ್ನು ಖರ್ಚು ಎಂದು ಬರೆಯಬೇಡಿ. ‘ಮನೆಗೆ ತೆಗೆದದ್ದು’ ಎಂದು ಬೇರೆ ತಲೆಬರಹ ಮಾಡಿ. ಅಕೌಂಟೆಂಟರು ಅದನ್ನು ಡ್ರಾಯಿಂಗ್ಸ್ ಎನ್ನುತ್ತಾರೆ. ಇನ್ನೊಂದು ಮಾತು: ಹಪ್ಪಳಕ್ಕೆ ತೆರಿಗೆ ಇಲ್ಲವೆಂದು ಅದರ ಮಾರಾಟವನ್ನು ಬರೆಯದೆ ಬಿಡಬೇಡಿ, ಉಪ್ಪಿನಕಾಯಿಯನ್ನೂ ಮಾರುವವರ ವಹಿವಾಟಿನ ಮಿತಿ ಎಣಿಸುವಾಗ ತೆರಿಗೆಯಿಲ್ಲದ ಸರಕಿನ ಮಾರಾಟವೂ ಅದರೊಳಗೇ ಸೇರುತ್ತದೆ.

ನಿಮ್ಮ ಊರಿನ ಮಳೆಗಾಲವನ್ನು ಬಲ್ಲವನಾದ್ದರಿಂದ ಹೇಳುತ್ತೇನೆ: ಕರೆಂಟು ಹೋಗಿ, ಟವರು ಸತ್ತು ಎರಡು ದಿನ ಕಳೆದರೂ ಬಿಲ್ಲು ಬರೆಯಲು ಬರಬೇಕು. ಮೊಬೈಲನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ ಒಂದು ಬಿಲ್ಲು ಮಾಡಿ, ಆಮೇಲೆ ನೆಟ್ ಹಾಕಿದಾಗ ಅದು ಸರಿಯಾಗಿ ಮೇಲೇರಿತೇ ನೋಡಿ. ಕನ್ನಡದ ವಿಷಯದಲ್ಲೂ ಜಾಹೀರಾತನ್ನು ನಂಬದೆ ಕೈಯಾರೆ ಪರೀಕ್ಷಿಸಿ. ಕೆಲವು ಆ್ಯಪ್‌ಗಳಲ್ಲಿ ಮೆನು ಕನ್ನಡದಲ್ಲಿದ್ದರೂ ಬಿಲ್ಲು ಮಾತ್ರ ಇಂಗ್ಲಿಷಿನಲ್ಲೇ ಹೊರಬರುತ್ತದೆ. ಕೆಲವು ಸಣ್ಣ ಥರ್ಮಲ್ ಪ್ರಿಂಟರುಗಳು ‘ಅಪ್ಪೆಮಿಡಿ’ ಎಂದು ಬರೆದ ಜಾಗದಲ್ಲಿ ಸಾಲಾಗಿ ಚೌಕಗಳನ್ನು ಒತ್ತಿ ಕೊಡುತ್ತವೆ. ನೀವು ಆಹಾರ ಪದಾರ್ಥ ಮಾರುವವರಾದ್ದರಿಂದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಗಳ ಸಂಖ್ಯೆಯನ್ನು ಪ್ರತಿ ಬಿಲ್ಲಿನ ಮೇಲೂ ಮುದ್ರಿಸಲು ಜಾಗವಿರಬೇಕು.

ಒಂದು ತಿಂಗಳು ನೋಟ್‌ಬುಕ್ಕನ್ನೂ ಬಿಡದೆ, ನಿಜವಾದ ಬಿಲ್ಲುಗಳನ್ನೇ ಹಾಕಿ ಎರಡನ್ನೂ ನಡೆಸಿ. ತಿಂಗಳ ಕೊನೆಯಲ್ಲಿ ಆರು ಅಂಗಡಿಗಳ ಬಾಕಿ ಎರಡರಲ್ಲೂ ಒಂದೇ ಬಂದರೆ ವರ್ಷದ ಚಂದಾ ಕಟ್ಟಿ. ಮೂರು ವರ್ಷದ ‘ಆಫರ್’ ಎಷ್ಟೇ ಅಗ್ಗವಿದ್ದರೂ ಮೊದಲ ವರ್ಷ ಬೇಡ.

ಪ್ರಶ್ನೆ: ದಾವಣಗೆರೆಯಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುವ ಕೆಲಸ ಮಾಡುತ್ತೇನೆ. ತಿಂಗಳಿಗೆ 35ರಿಂದ 40 ಸಾವಿರ ಬರುತ್ತದೆ. ಎಕ್ಸೆಲ್‌ನಲ್ಲಿ ಬರೆದಿಡುತ್ತೇನೆ. ಇದು ಸಾಲದೇ? ಎಲ್ಲರೂ ಆ್ಯಪ್ ಹಾಕಿಕೊಳ್ಳಿ ಎನ್ನುತ್ತಾರೆ.

ಉತ್ತರ: ಸಾಕು. ನಿಮ್ಮದು ಸೇವೆ, ಅದಕ್ಕೆ ಜಿಎಸ್‌ಟಿ ಮಿತಿ 20 ಲಕ್ಷ ರೂಪಾಯಿ, ನೀವು ಅದರ ಹತ್ತಿರವೂ ಇಲ್ಲ. ಆದಾಯ ತೆರಿಗೆಯಲ್ಲೂ ಸಣ್ಣ ವ್ಯಾಪಾರಿಗಳಿಗೆ ಅಂದಾಜು ಲಾಭದ ಪದ್ಧತಿಯಿದೆ: ನಗದು ವಹಿವಾಟಿನ ಮೇಲೆ ಕನಿಷ್ಠ ಶೇ 8, ಬ್ಯಾಂಕು ಅಥವಾ ಯುಪಿಐ ಮೂಲಕ ಬಂದುದರ ಮೇಲೆ ಶೇ 6 ಲಾಭವೆಂದು ತೋರಿಸಬಹುದು, ನಿಜವಾದ ಲಾಭ ಹೆಚ್ಚಿದ್ದರೆ ಹೆಚ್ಚನ್ನೇ ತೋರಿಸಬೇಕು.

ಎಕ್ಸೆಲ್ ಬಳಸುವವರಲ್ಲಿ ನಾನು ಪದೇ ಪದೇ ಕಾಣುವ ತಪ್ಪೊಂದಿದೆ. ತಿಂಗಳಿಗೊಂದು ಹಾಳೆಯಂತೆ ಹನ್ನೆರಡು ಹಾಳೆ ಮಾಡಿ, ಪ್ರತಿಯೊಂದಕ್ಕೂ ಬೇರೆ ಬೇರೆ ಕಾಲಂ ಹಾಕಿ, ಮಾರ್ಚ್ ಬಂದಾಗ ಕೂಡಿಸಲು ಕುಳಿತು ಕಣ್ಣೀರಿಡುತ್ತಾರೆ. ವರ್ಷಕ್ಕೆಲ್ಲ ಒಂದೇ ಉದ್ದ ಹಾಳೆ ಇರಲಿ. ದಿನಾಂಕ, ಬಿಲ್ ನಂಬರು, ಗಿರಾಕಿ, ಕೆಲಸ, ಒಟ್ಟು ಮೊತ್ತ, ಅಡ್ವಾನ್ಸ್, ಬಾಕಿ, ಹಣ ಬಂದ ಬಗೆ, ಕೊಡಬೇಕಾದ ದಿನ ಎಂಬ ಒಂಬತ್ತು ಕಾಲಂ ಸಾಕು. ರದ್ದಾದ ಆರ್ಡರಿನ ಸಾಲನ್ನು ಅಳಿಸಬೇಡಿ, ಪಕ್ಕದಲ್ಲಿ ‘ರದ್ದು’ ಎಂದು ಬರೆಯಿರಿ; ಬಿಲ್ ನಂಬರಿನ ಸಾಲು ಮುರಿಯಬಾರದು. ಹೊಲಿಗೆಯಲ್ಲಿ ಅಡ್ವಾನ್ಸ್ ಮುಖ್ಯ, ಏಕೆಂದರೆ ದಸರಾ, ದೀಪಾವಳಿ ಮುಂಚೆ ಕೈಗೆ ಬಂದ ಹಣವೆಲ್ಲ ಗಳಿಕೆಯೆಂದು ಭಾವಿಸಿ ಹೊಸ ಮಷಿನ್ ಕೊಂಡುಬಿಟ್ಟು, ಆಮೇಲೆ ಲೈನಿಂಗ್ ಬಟ್ಟೆಗೆ ಸಾಲ ಮಾಡಿದವರನ್ನು ನಾನು ನೋಡಿದ್ದೇನೆ.

ಒಂದೇ ಅಂಕಿಯನ್ನು ಎರಡು ಕಡೆ ಬರೆಯಬೇಕಾದ ದಿನ ಎಕ್ಸೆಲ್‌ನಿಂದ ಹೊರಡಿ. ಅಂದರೆ ಬಿಲ್ಲು ಪುಸ್ತಕದಲ್ಲೊಮ್ಮೆ, ಹಾಳೆಯಲ್ಲೊಮ್ಮೆ, ಗಿರಾಕಿಯ ಬಾಕಿ ಪಟ್ಟಿಯಲ್ಲಿ ಮತ್ತೊಮ್ಮೆ ಬರೆಯುವಷ್ಟು ಕೆಲಸ ಬೆಳೆದಾಗ. ಅಲ್ಲಿಯವರೆಗೆ ಫೈಲಿನ ಒಂದು ಪ್ರತಿಯನ್ನು ಗೂಗಲ್ ಡ್ರೈವ್‌ನಲ್ಲಿ ಇಡುವುದನ್ನು ಮಾತ್ರ ಮರೆಯಬೇಡಿ.

ಪ್ರಶ್ನೆ: ಮೈಸೂರಿನಲ್ಲಿ ಮನೆಯಿಂದಲೇ ಸೀರೆ ವ್ಯಾಪಾರ, ಜಿಎಸ್‌ಟಿ ಇದೆ, ವಹಿವಾಟು 60 ಲಕ್ಷ ಮುಟ್ಟಿದೆ. ನಮ್ಮ ಆಡಿಟರು ಟ್ಯಾಲಿಯೇ ಬೇಕೆಂದು ಪಟ್ಟು ಹಿಡಿದಿದ್ದಾರೆ. ಆನ್‌ಲೈನ್ ತಂತ್ರಾಂಶ ಮಾರುವ ಒಬ್ಬರು ‘ಆಡಿಟ್ ಟ್ರೇಲ್ ಕಡ್ಡಾಯವಾಗಿದೆ, ನಮ್ಮದನ್ನೇ ತೆಗೆದುಕೊಳ್ಳಿ’ ಎಂದು ಹೆದರಿಸುತ್ತಾರೆ. ನಿಜವೇ?

ಉತ್ತರ: ಯಾವ ನಮೂದನ್ನು ಯಾವಾಗ ತಿದ್ದಲಾಯಿತು ಎಂಬ ಜಾಡನ್ನು ಅಳಿಸದೆ ಉಳಿಸುವ ತಂತ್ರಾಂಶ 2023ರ ಏಪ್ರಿಲ್ 1ರಿಂದ ಕಡ್ಡಾಯವಾಗಿರುವುದು ಕಂಪನಿ ಕಾಯ್ದೆಯಡಿ ನೋಂದಾಯಿತ ಕಂಪನಿಗಳಿಗೆ. ನಿಮ್ಮ ಪತ್ರದಿಂದ ನಿಮ್ಮದು ಸ್ವಂತ ಮಾಲೀಕತ್ವದ ವ್ಯಾಪಾರವೆಂದು ತೋರುತ್ತದೆ. ಹಾಗಿದ್ದರೆ ಆ ನಿಯಮ ನಿಮಗೆ ಅನ್ವಯಿಸದು. ಅದೇ ರೀತಿ 5 ಕೋಟಿ ದಾಟಿದವರಿಗೆ ಇರುವ ಇ-ಇನ್‌ವಾಯ್ಸ್ (ಬಿಲ್ಲನ್ನು ಸರ್ಕಾರಿ ಪೋರ್ಟಲ್‌ನಲ್ಲಿ ದಾಖಲಿಸುವ) ನಿಯಮವನ್ನು ತೋರಿಸಿ ದುಬಾರಿ ಯೋಜನೆ ಮಾರಲು ಬರುವವರೂ ಇದ್ದಾರೆ.

ಆಡಿಟರ ಮಾತಿಗೆ ಕಾರಣವಿದೆ. ಟ್ಯಾಲಿ ಬೆಂಗಳೂರಿನದು, 1986ರಿಂದ ಇದೆ. ಇಂದಿಗೂ ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ಅಕೌಂಟ್ಸ್ ಕಲಿಯುವುದೆಂದರೆ ಟ್ಯಾಲಿ ಕಲಿಯುವುದು ಎಂದೇ ಅರ್ಥ. ಅವರ ಕಚೇರಿಯ ಹುಡುಗರಿಗೆ ಅದರ ಕೀಲಿಗಳು ಕಣ್ಣುಮುಚ್ಚಿದರೂ ಗೊತ್ತು. ಆದರೆ ದಿನದ ಬಿಲ್ಲು ಹಾಕುವವರು ಅವರಲ್ಲ, ನೀವು. ಆದ್ದರಿಂದ ನಿರ್ಧಾರಕ್ಕೆ ಮುನ್ನ ಅವರನ್ನು ಒಂದು ಪ್ರಶ್ನೆ ಕೇಳಿ: ‘ನಾನು ಬೇರೆ ತಂತ್ರಾಂಶದಲ್ಲಿ ಬರೆದು, ತಿಂಗಳಿಗೊಮ್ಮೆ ಎಕ್ಸೆಲ್‌ಗೋ ಟ್ಯಾಲಿಗೋ ಇಳಿಸಿ ಕೊಟ್ಟರೆ ನಿಮ್ಮ ಫೀಸು ಎಷ್ಟು ಹೆಚ್ಚುತ್ತದೆ?’ ಹೆಚ್ಚುವುದಿಲ್ಲ ಎಂದರೆ ನಿಮಗೆ ಹಗುರವಾದದ್ದನ್ನು ಆರಿಸಿಕೊಳ್ಳಿ. ಬಹಳ ಹೆಚ್ಚುತ್ತದೆ ಎಂದರೆ ಟ್ಯಾಲಿಯ ಶಾಶ್ವತ ಲೈಸೆನ್ಸಿನ ದುಡ್ಡು ಎರಡು ವರ್ಷದಲ್ಲೇ ಹುಟ್ಟಬಹುದು. ಕೊಳ್ಳುವ ಮೊದಲು ಅದರ ಶೈಕ್ಷಣಿಕ ಮೋಡ್ ಅನ್ನು ಉಚಿತವಾಗಿ ಹಾಕಿಕೊಂಡು ಕೈ ಆಡಿಸಿ. ಅದರಲ್ಲಿ ತಿಂಗಳ 1, 2 ಮತ್ತು 31ನೇ ತಾರೀಖಿಗೆ ಮಾತ್ರ ನಮೂದು ಹಾಕಬಹುದು, ಕಲಿಯಲು ಅಷ್ಟು ಸಾಲುತ್ತದೆ. ಪರಿಚಯದವರು ಪೆನ್‌ಡ್ರೈವ್‌ನಲ್ಲಿ ತಂದುಕೊಡುವ ಕದ್ದ ಪ್ರತಿಯನ್ನು ಮಾತ್ರ ಮುಟ್ಟಬೇಡಿ, ಹಬ್ಬದ ಹಿಂದಿನ ದಿನ ಅದು ತೆರೆಯದೆ ಹೋದರೆ ಕೇಳಲು ಯಾರೂ ಇರುವುದಿಲ್ಲ. ಜಿಎಸ್‌ಟಿ ಜಾಲವೇ 2019ರಲ್ಲಿ, ವಹಿವಾಟು ಒಂದೂವರೆ ಕೋಟಿಯೊಳಗಿನವರಿಗೆ ಉಚಿತ ಬಿಲ್ಲಿಂಗ್ ಮತ್ತು ಲೆಕ್ಕದ ತಂತ್ರಾಂಶ ಸಿಗುವಂತೆ ಕೆಲವು ಕಂಪನಿಗಳೊಂದಿಗೆ ವ್ಯವಸ್ಥೆ ಮಾಡಿತ್ತು. ಪೋರ್ಟಲ್‌ನಲ್ಲಿ ಅದನ್ನೂ ಒಮ್ಮೆ ನೋಡಬಹುದು.

ಬೆಲೆಗಿಂತ ನಾನು ಹೆಚ್ಚು ತೂಗುವುದು ಹೊರಬರುವ ದಾರಿಯನ್ನು. ಜಿಎಸ್‌ಟಿ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳು ಕಾಪಾಡಬೇಕು. ಅಷ್ಟು ಕಾಲ ಆ ತಂತ್ರಾಂಶದ ಕಂಪನಿ ಇಲ್ಲಿ ಇರುತ್ತದೆ ಎಂದು ಯಾರು ಹೇಳಬಲ್ಲರು? ಜಗತ್ತಿನಲ್ಲೇ ಹೆಸರಾದ ಕ್ವಿಕ್‌ಬುಕ್ಸ್ 2023ರಲ್ಲಿ ಭಾರತದ ಸೇವೆ ಮುಚ್ಚಿದಾಗ ಇಲ್ಲಿನ ಬಳಕೆದಾರರು ತಮ್ಮ ಲೆಕ್ಕವನ್ನು ಗಡುವಿನೊಳಗೆ ಇಳಿಸಿಕೊಳ್ಳಬೇಕಾಯಿತು. ನನಗೂ ಒಮ್ಮೆ ಸಣ್ಣದೊಂದು ಪಾಠವಾಗಿದೆ. ನಾನು ಬಳಸುತ್ತಿದ್ದ ಒಂದು ಆನ್‌ಲೈನ್ ತಂತ್ರಾಂಶದ ಚಂದಾ ಮುಗಿದ ಮರುದಿನ ತೆರೆದರೆ ಬಿಲ್ಲುಗಳೆಲ್ಲ ಕಾಣುತ್ತಿದ್ದವು, ‘ಡೌನ್‌ಲೋಡ್’ ಗುಂಡಿ ಮಾತ್ರ ಬೂದಿ ಬಣ್ಣಕ್ಕೆ ತಿರುಗಿತ್ತು. ನಾಲ್ಕು ವರ್ಷದ ಕಾಗದ ಕೈಗೆ ಸಿಗಲು ಇನ್ನೊಂದು ವರ್ಷದ ಹಣ ಕಟ್ಟಿದೆ. ಅಂದಿನಿಂದ ಡೆಮೊ ತೋರಿಸಲು ಬಂದವರನ್ನು ಮೊದಲು ಕೇಳುವುದು ಇಷ್ಟೇ: ಚಂದಾ ಮುಗಿದ ಒಂದು ಖಾತೆ ತೆರೆದು, ಅದರಿಂದ ಪೂರ್ತಿ ಲೆಕ್ಕವನ್ನು ನನ್ನೆದುರು ಇಳಿಸಿ ತೋರಿಸಿ. ನೀವೂ ಕೇಳಿ, ‘ಅದನ್ನು ಆಮೇಲೆ ನೋಡೋಣ’ ಎಂದವರಿಂದ ಕೊಳ್ಳಬೇಡಿ.